ಬಿಸಿಲಿಗೆ ಬಂದ ಬೆಂಚು

ಫೆಬ್ರವರಿ ೧೨, ಗುರುವಾರ

ಮುದ್ದಿನ ಬನ್ನಮ್ಮನಿಗೆ,

ನಮ್ಮ ಬೇಕರಿಯ ಗಲ್ಲಾದ ಹಿಂದೆ ಕೂತು ಅಮ್ಮ ಬರೆಯುತ್ತಿದ್ದೇನೆ. ದೇವರ ದಯದಿಂದ ನಾವೆಲ್ಲ ಆರಾಮ. ನೀನೂ ಹಾಗೇ ಇರಲಿ ಎಂದು ದಿನಾ ಎರಡು ಹೊತ್ತೂ ಕೇಳಿಕೊಳ್ಳುತ್ತೇನೆ. ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಡಿ ಮುಂದೆ ಗುಡಿಸಿ ನೀರು ಹಾಕಿ, ಟ್ರೇಗಳನ್ನೆಲ್ಲ ಉಜ್ಜಿ ತೊಳೆದು ಹಿತ್ತಲಲ್ಲಿ ಒಣಗಲು ನಿಲ್ಲಿಸಿ, ಹಿಟ್ಟು ಮುಚ್ಚುವ ಬಟ್ಟೆಗಳನ್ನು ಕುದಿಸಿ ಹಿಂಡಿಹಾಕಿ, ಸ್ನಾನ ಮಾಡಿ ದೇವರ ಮುಂದೆ ಕೂತೆದ್ದು ಬಂದೆ. ಅಡುಗೆ ಕಡಿಮೆ ಇರುವ ದಿನ ನನಗೆ ಒಂದಿಷ್ಟು ಪುರುಸೊತ್ತು. ಹಾಗಾಗಿ ನಿನಗೆ ಕಾಗದ ಬರೆಯುವ ಯೋಗ ಉಪವಾಸದ ದಿನವೇ ಬರಬೇಕು ಎಂದು ಕಾಣುತ್ತದೆ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಬೇಕು ಬರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಮಳೆಗಾಲ ಹೋಯಿತು, ಚಳಿಯೂ ಹೋಗುತ್ತಾ ಬಂತು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಫೋನ್ ಮಾಡಿದರೆ ನೀನು, "ಚೆನ್ನಾಗಿದೀನಮ್ಮ, ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ" ಅಂತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಅದೂ ಅಲ್ಲದೆ ನಮ್ಮ ಮನೆ ಗೋಡೆ ಎಷ್ಟು ತೆಳು ಅಂತ ನಿನಗೆ ಗೊತ್ತು. ನಿಮ್ಮಪ್ಪನಿಗೆ ಮರೆವು ಬಂದಿದೆಯೇ ಹೊರತು ಕಿವಿಗೇನೂ ಆಗಿಲ್ಲ.

ಅದನ್ನೇ ಹೇಳಲು ಹೊರಟದ್ದು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಒಂದು ಕಡೆಯಿಂದ ಬರೆಯದಿದ್ದರೆ ನನಗೇ ದಾರಿ ತಪ್ಪುತ್ತದೆ.

ಹೋದ ಬೇಸಿಗೆಯಲ್ಲಿ ಅಂಗಡಿಯಲ್ಲಿ ನಿಂತು, ಗಿರಾಕಿಗಳ ಮುಂದೆ, "ಅಪ್ಪಾ, ಹಿಟ್ಟಿಗೆ ಉಪ್ಪು ಎರಡು ಸಲ ಬಿದ್ದಿದೆ. ಇದೇ ಮೊದಲಲ್ಲ. ಇನ್ಮೇಲೆ ನೀವು ಭಟ್ಟಿ ಹತ್ರ ಒಬ್ಬರೇ ಇರಬೇಡಿ" ಅಂತ ನೀನು ಅಂದೆ. ಅದಕ್ಕೆ ಅವರು, "ನನ್ನ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರಿ ಭಟ್ಟಿ ಹೊಡ್ಕೊಳ್ಳೋ ಯೋಚನೆನಾ? ಇನ್ನು ನನ್ನ ಕಣ್ಣಿಗೆ ಬೀಳಬೇಡ" ಅಂದರು. ನೀನು ಏಪ್ರನ್ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿ ಹೊರಟೆ. ಅದನ್ನು ಮತ್ತೆ ಕೆದಕುವುದಿಲ್ಲ. ಅದರ ಮುಂದಿನದು ನಿನಗೆ ಗೊತ್ತಿಲ್ಲ, ಅದನ್ನು ಬರೆಯುತ್ತೇನೆ.

ನೀನು ಹೋದ ಮೇಲೆ ಮರೆವು ಜಾಸ್ತಿಯಾಯಿತು. ಕನ್ನಡಕ ರಸ್ಕಿನ ಡಬ್ಬದಲ್ಲಿ ಸಿಗುತ್ತಿತ್ತು. ಅಂಗಡಿ ಬೀಗ ಹಾಕಿ ಮನೆಗೆ ಬಂದು ಚಪ್ಪಲಿ ಬಿಟ್ಟು, "ಬೀಗ ಹಾಕಿಲ್ಲ ಕಣೇ" ಎಂದು ಮತ್ತೆ ಹೊರಡುತ್ತಿದ್ದರು. ಒಂದು ದಿನ ಟ್ರೇಗಳನ್ನು ಭಟ್ಟಿಯೊಳಗೆ ತಳ್ಳಿ, ಬಂದು ಮಲಗಿಬಿಟ್ಟರು. ನನ್ನ ತಮ್ಮ, ನಿನ್ನ ಮಾವ, ಬ್ರೆಡ್ಡು ಸಾಗಿಸುವ ವ್ಯಾನ್ ತೆಗೆಯಲು ಹಿತ್ತಲಿಗೆ ಬಂದವನು ಹೊಗೆ ನೋಡಿ ಒಳಗೆ ನುಗ್ಗಿದ, ಅದಕ್ಕೆ ಉಳಿದೆವು. ಅವತ್ತಿನಿಂದ ಭಟ್ಟಿ ಅವನ ಕೈಗೆ ಬಂತು. "ಭಾವ, ನಿಮಗೆ ಸ್ವಲ್ಪ ದಿನ ರಜೆ" ಅಂದ. ಇವರು ಜಗಳವಾಡದೆ ಒಪ್ಪಿಕೊಂಡರು. ಅಷ್ಟು ಸುಲಭಕ್ಕೆ ಒಪ್ಪಿದ್ದಕ್ಕೇ ನನಗೆ ಭಯವಾಯಿತು.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ನಿನ್ನ ಕೋಣೆಯ ಬಾಗಿಲು ತಟ್ಟುವ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ಬನ್ನು. "ಬನ್ನಮ್ಮ, ಏಳು, ಬಿಸಿ ಇರೋವಾಗಲೇ ತಿನ್ನು" ಅನ್ನುತ್ತಿದ್ದಾರೆ. ನೀನು ಚಿಕ್ಕವಳಿದ್ದಾಗ ಅವರು ರಾತ್ರಿ ಪಾಳಿ ಮುಗಿಸಿ ಬಂದು ಹೀಗೇ ಎಬ್ಬಿಸುತ್ತಿದ್ದರಲ್ಲ, ಅದೇ ಧಾಟಿ. ಬಾಗಿಲು ತೆಗೆದು ನೋಡಿ, "ಎಲ್ಲೇ ಇವಳು?" ಅಂದರು. ಏನು ಹೇಳಲಿ? ಕೆಲಸಕ್ಕೆ ಹೋಗಿದ್ದಾಳೆ ಅಂದೆ. "ಇಷ್ಟು ಬೇಗನಾ? ತಿಂದು ಹೋಗೋಕಾಗಲ್ವಾ?" ಎಂದು ಗೊಣಗಿ ತಟ್ಟೆಯನ್ನು ನಿನ್ನ ದಿಂಬಿನ ಪಕ್ಕ ಇಟ್ಟು ಹೋದರು. ಜಗಳವಾದದ್ದು, ನೀನು ಹೋದದ್ದು ಎರಡೂ ಅವರ ತಲೆಯಿಂದ ಅಳಿಸಿಹೋಗಿದ್ದವು. ಅವತ್ತಿನಿಂದ ವಾರದಲ್ಲಿ ನಾಲ್ಕಾರು ದಿನ ಇದೇ. ಆ ಬನ್ನನ್ನು ನಾನೇ ತಿನ್ನುತ್ತೇನೆ. ಎಸೆಯಲು ಮನಸ್ಸು ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸುಲಭಕ್ಕೆ ಬಂದರೆಂದುಕೊಂಡೆಯಾ? ನನ್ನ ಮಂಡಿ ತೋರಿಸಬೇಕು, ಜೊತೆಗೆ ಬನ್ನಿ ಎಂದು ಹೇಳಿ ಕರೆದುಕೊಂಡು ಹೋದೆ. ದೇವರು ಈ ಸುಳ್ಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದರೂ ಸರಿಯೇ.

ಡಾಕ್ಟರಮ್ಮ ನಿನ್ನ ವಯಸ್ಸಿನವಳೇ, ಮಾತು ಮಾತ್ರ ಅಜ್ಜಿಯದು. ಕೊಡೆ, ಕುರ್ಚಿ, ನಿಂಬೆಹಣ್ಣು ಅಂತ ಮೂರು ಪದ ಹೇಳಿ, ಆಮೇಲೆ ಕೇಳ್ತೀನಿ, ನೆನಪಿಟ್ಟುಕೊಳ್ಳಿ ಅಂದಳು. ನಂತರ ಒಂದು ಗಡಿಯಾರ ಬರೆಯಿರಿ, ಹನ್ನೊಂದೂ ಹತ್ತು ತೋರಿಸಿ ಅಂದಳು. ಇವರು ಪೆನ್ನು ಹಿಡಿದುಕೊಂಡು, "ಹಗಲಿಂದೋ ರಾತ್ರೀದೋ?" ಎಂದು ಕೇಳಿದರು.

"ಯಾವುದಾದರೇನು?"

"ರಾತ್ರೀದಾದ್ರೆ ಹಿಟ್ಟು ನಾದಿ ಮುಗಿದಿರಬೇಕು."

ಡಾಕ್ಟರಮ್ಮ ನಕ್ಕಳು. ನಾನೂ ನಕ್ಕೆ. ಗಡಿಯಾರವನ್ನು ಚೆನ್ನಾಗಿಯೇ ಬರೆದರು. ಆದರೆ ಆ ಮೂರು ಪದ ಕೇಳಿದಾಗ, "ಯಾವ ಪದ? ನೀವು ನಂಗೆ ಏನೂ ಕೊಟ್ಟಿಲ್ಲ" ಎಂದು ಅಂಗೈ ಬಿಡಿಸಿ ತೋರಿಸಿದರು. ಆಮೇಲೆ ಯಾರೂ ನಗಲಿಲ್ಲ.

ರಕ್ತ ತೆಗೆದರು, ತಲೆಯ ಚಿತ್ರ ತೆಗೆದರು, ಥೈರಾಯಿಡ್ ನೋಡಿದರು. ಮುಂದಿನ ಸಲ ಹೋದಾಗ ಡಾಕ್ಟರಮ್ಮ ಹೇಳಿದಳು, ಮರೆವಿನ ಕಾಯಿಲೆಯ ಮೊದಲ ಮೆಟ್ಟಿಲಲ್ಲಿ ಇದ್ದಾರೆ ಎಂದು. ಅದರ ಜೊತೆಗೆ ರಕ್ತದಲ್ಲಿ ವಿಟಮಿನ್ ಡಿ ಎಂಬುದು ತಳಕ್ಕೆ ಹೋಗಿಬಿಟ್ಟಿದೆ. "ಇಷ್ಟು ಕಡಿಮೆ ನಾನು ನೋಡಿದ್ದೇ ಅಪರೂಪ. ಬಿಸಿಲಿಗೇ ಹೋಗಲ್ವಾ ನೀವು?" ಎಂದು ಕೇಳಿದಳು.

ನಿಮ್ಮಪ್ಪ ಬಿಡುತ್ತಾರಾ? "ಭಟ್ಟಿ ಮುಂದೆ ನಿಂತವನಿಗೆ ಬಿಸಿಲು ಯಾಕೆ ಡಾಕ್ಟ್ರೇ? ಸೂರ್ಯನ ಹತ್ರ ನಿಮಗಿಂತ ಜಾಸ್ತಿ ನಾನೇ ನಿಂತಿದೀನಿ."

"ಭಟ್ಟಿ ಕೊಡೋದು ಬರೀ ಬಿಸಿ. ಈ ವಿಟಮಿನ್ ಬೇಯಿಸೋದಕ್ಕೆ ಸೂರ್ಯನೇ ಬೇಕು, ಅದೂ ನಿಮ್ಮ ಚರ್ಮದ ಮೇಲೇ ಬೇಯಬೇಕು" ಅಂದಳು ಅವಳು. ಬೇಯಿಸುವ ಮಾತು ಬಂದದ್ದಕ್ಕೋ ಏನೋ ಇವರು ತಲೆಯಾಡಿಸಿ ಒಪ್ಪಿಕೊಂಡರು.

ಯೋಚನೆ ಮಾಡು, ಮದುವೆಯಾಗಿ ಬಂದ ದಿನದಿಂದ ನಾನು ನೋಡಿದ್ದೇನೆ. ರಾತ್ರಿಯೆಲ್ಲ ಭಟ್ಟಿ, ಬೆಳಗಾದರೆ ನಿದ್ದೆ, ಸಂಜೆ ಕತ್ತಲಾಗುವ ಹೊತ್ತಿಗೆ ಏಳುವುದು. ಹಗಲು ನಿದ್ದೆ ಕೆಡಬಾರದೆಂದು ನಾನೇ ಕಿಟಕಿಗೆ ದಪ್ಪ ಕಪ್ಪು ಪರದೆ ಹೊಲಿದು ಹಾಕಿದ್ದೆ. ಊರಿಗೆಲ್ಲ ಬೆಳಗಿನ ತಿಂಡಿ ಕೊಟ್ಟ ಮನುಷ್ಯ ಬೆಳಗನ್ನೇ ನೋಡಲಿಲ್ಲ.

ಹಾಗಾದರೆ ಡಿ ಕಡಿಮೆಯಾಗಿದ್ದಕ್ಕೇ ಮರೆವು ಬಂತಾ ಎಂದು ಕೇಳಿದೆ. ಡಾಕ್ಟರಮ್ಮ ಸುಳ್ಳು ಭರವಸೆ ಕೊಡುವವಳಲ್ಲ. ಡಿ ಕಡಿಮೆ ಇರುವವರಲ್ಲಿ ಈ ಮರೆವು ಹೆಚ್ಚಾಗಿ ಕಾಣುತ್ತದೆ ಎಂದು ಬಹಳ ಜನ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಎರಡೂ ಜೊತೆಜೊತೆಗೆ ಓಡಾಡುತ್ತವಂತೆ. ಆದರೆ ಯಾವುದು ಯಾವುದರ ಕೈ ಹಿಡಿದು ಕರೆತಂದಿದೆ ಎಂಬುದು ಇನ್ನೂ ಗಟ್ಟಿಯಾಗಿ ಗೊತ್ತಿಲ್ಲವಂತೆ. ಮರೆವು ಬಂದವರು ಮನೆ ಬಿಟ್ಟು ಹೊರಗೆ ಬರುವುದು ಕಡಿಮೆ, ಅದಕ್ಕೂ ಡಿ ಇಳಿದಿರಬಹುದು. "ಡಿ ತುಂಬಿಸಿದ ಕೂಡಲೇ ನೆನಪು ತುಂಬುತ್ತೆ ಅಂತ ನಾನು ಹೇಳಲ್ಲ. ಮೂಳೆಗಂತೂ ಒಳ್ಳೇದು. ಇಷ್ಟು ಕಡಿಮೆ ಇರೋದನ್ನ ಹಾಗೇ ಬಿಡೋದು ಸರಿಯಲ್ಲ. ತುಂಬಿಸೋಣ, ರಾತ್ರಿ ಮಲಗಿಸೋಣ, ನೋಡೋಣ" ಅಂದಳು. ಹಗಲು ನಿದ್ದೆ ಬರಲಿ ಎಂದು ಇವರು ಔಷಧಿ ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆಯನ್ನೂ ನಿಧಾನವಾಗಿ ಬಿಡಿಸಿದಳು. ಅದೂ ತಲೆಗೆ ಮಂಕು ಬಡಿಸುತ್ತದಂತೆ.

ವಾರಕ್ಕೊಂದು ಮಾತ್ರೆ ಬರೆದುಕೊಟ್ಟಳು, ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು. ಮನೆಗೆ ಬಂದವಳೇ ಕಪ್ಪು ಪರದೆ ಕಿತ್ತೆ. ಕೋಣೆಯೊಳಗೆ ಬೆಳಕು ಬಿದ್ದಾಗ ಅಪ್ಪ ಗೋಡೆ ನೋಡುತ್ತಾ, "ಈ ಗೋಡೆಗೆ ಇದೇನಾ ಬಣ್ಣ? ನಾನು ಬೂದಿ ಬಣ್ಣ ಅಂದ್ಕೊಂಡಿದ್ದೆ" ಅಂದರು. ಹಳದಿ ಗೋಡೆ ಮಗಳೇ. ಅವರೇ ಆರಿಸಿ ಹೊಡೆಸಿದ್ದ ಹಳದಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಶಾಲೆ ಬಿಡುವ ಹೊತ್ತು, ಮಕ್ಕಳು ಬನ್ನಿಗೆ ಮುತ್ತಿಕೊಳ್ಳುತ್ತಾರೆ.

ಶುಕ್ರವಾರ

ನಿನ್ನೆ ಅಂಗಡಿ ಬಿಟ್ಟು ಏಳಲು ಆಗಲೇ ಇಲ್ಲ. ಇವತ್ತು ಹೊಟ್ಟೆಗೆ ಬಿದ್ದಿದೆ, ಅಕ್ಷರ ಸ್ವಲ್ಪ ನೆಟ್ಟಗಿದೆ ನೋಡು.

ಈಗ ಹೇಳುವುದನ್ನು ಕೇಳಿ ನಗಬೇಕಾದರೆ ನಗು. ವಾರಕ್ಕೊಂದು ಮಾತ್ರೆ ಅಂದಳಲ್ಲ, ಯಾವ ವಾರ ಕೊಟ್ಟೆ ಯಾವ ವಾರ ಬಿಟ್ಟೆ ಎಂದು ಗೊಂದಲ ಆಗಬಾರದೆಂದು ನಾನು ಒಂದು ಉಪಾಯ ಮಾಡಿದೆ. ನನ್ನ ಜೀವನದಲ್ಲಿ ಎಂದೂ ತಪ್ಪದ ದಿನ ಯಾವುದು? ಗುರುವಾರದ ಉಪವಾಸ. ಹಾಗಾಗಿ ಮಾತ್ರೆಯೂ ಗುರುವಾರವೇ ಎಂದು ಗಂಟು ಹಾಕಿದೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಮಾತ್ರೆಯನ್ನು ದೇವರ ಮುಂದಿಟ್ಟು ತೆಗೆದು, ಒಂದು ಲೋಟ ನೀರಿನ ಜೊತೆ ಅಪ್ಪನ ಕೈಗೆ. ಭಟ್ಟಿ ಬಿಟ್ಟ ಮೇಲೆ ನನ್ನ ಜೊತೆ ಅವರೂ ಉಪವಾಸ ಮಾಡುವುದನ್ನು ಶುರು ಮಾಡಿದ್ದರು. "ನೀನೊಬ್ಬಳೇ ಪುಣ್ಯ ಕಟ್ಕೊಂಡು ಹೋದ್ರೆ ಅಲ್ಲಿ ನಂಗೆ ಬಾಗಿಲು ತೆಗೆಯೋರು ಯಾರು?" ಅಂತ. ಸಂಜೆಯವರೆಗೆ ಇಬ್ಬರೂ ನೀರಿನ ಮೇಲೇ.

ಬಿಸಿಲಿನ ವಿಷಯಕ್ಕೂ ಹಾಗೇ. ಹೊರಗೆ ಕೂರಲು ಅವರಿಗೆ ಸಂಕೋಚ. "ಕೆಲಸ ಇಲ್ಲದೋನ ಥರ ರಸ್ತೇಲಿ ಕೂರಲಾ?" ಅಂದರು. ಹಾಗಾಗಿ ಹಿಟ್ಟಿನ ಮೂಟೆ ಇಡುತ್ತಿದ್ದ ಆ ಉದ್ದ ಬೆಂಚನ್ನು ಅಂಗಡಿಯೊಳಗೆ, ಮುಂದಿನ ದೊಡ್ಡ ಗಾಜಿನ ಹಿಂದೆ ಹಾಕಿದೆವು. ಬೆಳಿಗ್ಗೆ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ. ಬಿಸಿಲೂ ಆಯಿತು, ಗಲ್ಲಾದ ಮೇಲೆ ಕಣ್ಣೂ ಆಯಿತು ಎಂದು ತೋಳು ಮಡಿಸಿ ಕೂರುತ್ತಿದ್ದರು. ನಿನ್ನ ಮಾವ ಹೋಗಿ ಬರುವಾಗಲೆಲ್ಲ, "ಭಾವ, ನಿಮ್ಮನ್ನ ಮಾರಾಟಕ್ಕಿಟ್ಟಿದಾರೆ ಅಂತ ಒಬ್ಬರು ರೇಟು ಕೇಳಿದ್ರು" ಎಂದು ಛೇಡಿಸುತ್ತಿದ್ದ. "ನಿನ್ನನ್ನಾದ್ರೆ ಪುಕ್ಕಟೆ ಕೊಟ್ರೂ ಒಯ್ಯಲ್ಲ" ಎಂದು ಇವರು.

ನವೆಂಬರಿನಲ್ಲಿ ಮತ್ತೆ ರಕ್ತ ಪರೀಕ್ಷೆ. ಡಿ ಮೇಲಕ್ಕೆ ಬಂದದ್ದು ಅಷ್ಟಕ್ಕಷ್ಟೇ. ಮೂರು ಪದದಲ್ಲಿ ಈ ಸಲವೂ ಒಂದೂ ಇಲ್ಲ. ಡಾಕ್ಟರಮ್ಮ ಹುಬ್ಬು ಗಂಟು ಹಾಕಿ, "ಮಾತ್ರೆ ತಪ್ಪಿಸ್ತಿದೀರಾ?" ಅಂದಳು. ನನಗೆ ಕೋಪವೇ ಬಂತು. ಒಂದು ವಾರವೂ ತಪ್ಪಿಲ್ಲ, ಪ್ರತಿ ಗುರುವಾರ ಉಪವಾಸದ ದಿನ ದೇವರ ಮುಂದಿಟ್ಟು ಕೊಡುತ್ತೇನೆ ಅಂದೆ.

"ಉಪವಾಸದ ದಿನವಾ? ಯಾವುದರ ಜೊತೆ?"

"ನೀರಿನ ಜೊತೆ."

"ಆಮೇಲೆ ಊಟ?"

"ಊಟ ಸಂಜೆಗೆ."

ಅವಳು ಪೆನ್ನು ಕೆಳಗಿಟ್ಟಳು. ಆ ಮಾತ್ರೆ ಎಣ್ಣೆ ಬೆಣ್ಣೆಯ ಪಸೆ ಇದ್ದರೆ ಚೆನ್ನಾಗಿ ಮೈಗೆ ಹತ್ತುತ್ತದಂತೆ, ಊಟದ ಜೊತೆ ಕೊಡಬೇಕಂತೆ. ಖಾಲಿ ಹೊಟ್ಟೆಗೆ ಕೊಟ್ಟರೆ ಅರ್ಧಂಬರ್ಧ. ಮೊದಲ ದಿನವೇ ಹೇಳಿದ್ದಳಂತೆ, ಆವತ್ತು ನನ್ನ ಕಿವಿಗೆ ಮರೆವು ಎಂಬ ಒಂದು ಮಾತು ಬಿಟ್ಟು ಬೇರೆ ಯಾವುದೂ ಹೋಗಿರಲಿಲ್ಲ. ನಿಮ್ಮಪ್ಪ ಮೆಲ್ಲಗೆ, "ಡಾಕ್ಟ್ರೇ, ನಮ್ಮನೆಯವಳು ಮಾತ್ರೆಗೂ ಉಪವಾಸ ಮಾಡಿಸಿದಾಳೆ" ಅಂದರು. ಮತ್ತೆ ಬಿಸಿಲು ಎಲ್ಲಿ ಕಾಯಿಸುತ್ತೀರಿ ಎಂದು ಕೇಳಿದಳು. ಗಾಜಿನ ಹಿಂದೆ ಅಂದೆವು. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು. ಬಿಸಿಲಿನಲ್ಲಿ ಯಾವ ಭಾಗ ಬೇಕೋ ಅದನ್ನೇ ಗಾಜು ತಡೆದುಬಿಡುತ್ತದಂತೆ. ಬಿಸಿ ಮಾತ್ರ ಒಳಗೆ ಬರುತ್ತದಂತೆ. "ಹಾಗಾದ್ರೆ ಇಷ್ಟು ದಿನ ನಾನು ಇನ್ನೊಂದು ಭಟ್ಟಿ ಮುಂದೆ ಕೂತಿದ್ದೆ ಅನ್ನಿ" ಅಂದರು ಅಪ್ಪ.

ಮನೆಗೆ ಬರುವ ದಾರಿಯಲ್ಲಿ ನನಗೆ ಅಳು. ಅವರಿಗೆ ನಗು. "ಅಳಬೇಡ್ವೇ. ಈ ಸಮಾಚಾರನೂ ನಾಳೆಗೆ ಮರೆತುಬಿಡ್ತೀನಿ. ನೀನು ಒಳ್ಳೇ ಹೆಂಡತಿಯಾಗೇ ಉಳ್ಕೋತೀಯ" ಅಂದರು. ಆ ಮನುಷ್ಯನ ತಮಾಷೆ ಮಾತ್ರ ಒಂದು ದಿನಕ್ಕೂ ಮರೆತಿಲ್ಲ.

ಆಮೇಲೆ ದೇವರ ದಿನ ಬೇರೆ, ಮಾತ್ರೆಯ ದಿನ ಬೇರೆ ಮಾಡಿದೆ. ಭಾನುವಾರ, ಬೆಣ್ಣೆ ಹಚ್ಚಿದ ಬ್ರೆಡ್ಡು, ಹಾಲು, ಅದರ ಜೊತೆ ಮಾತ್ರೆ. ಅವರಿಗೆ ಉಪವಾಸವನ್ನೂ ಬಿಡಿಸಿದೆ. ಇಬ್ಬರ ಪಾಲಿನದನ್ನೂ ನಾನೇ ಮಾಡುತ್ತೇನೆ ಎಂದು ದೇವರಿಗೆ ಹೇಳಿ ಒಪ್ಪಿಸಿದ್ದಾಯಿತು. ಬೆಂಚನ್ನು ನಾನೂ ನಿನ್ನ ಮಾವನೂ ಎತ್ತಿ ಗಾಜಿನ ಆಚೆ, ಅಂಗಡಿಯ ಮೆಟ್ಟಿಲ ಪಕ್ಕ ಹಾಕಿದೆವು. ಮೊದಲೆರಡು ದಿನ ತಲೆ ತಗ್ಗಿಸಿ ಕೂತರು. ಮೂರನೆಯ ದಿನ ತೋಳು ಮೇಲಕ್ಕೆ ಮಡಿಸಿಕೊಂಡರು. ಈಗ ನೋಡಬೇಕು ನೀನು. ಎದುರು ಮನೆಯ ದರ್ಜಿ ಬಂದು ಪಕ್ಕದಲ್ಲಿ ಕೂರುತ್ತಾನೆ, ಹೋಗಿ ಬರುವವರೆಲ್ಲ ಮಾತಾಡಿಸುತ್ತಾರೆ. ಇಷ್ಟು ವರ್ಷ ಇವರು ಮಾಡಿದ ಬ್ರೆಡ್ಡು ತಿಂದವರು ಈಗ ಇವರ ಮುಖ ನೋಡುತ್ತಿದ್ದಾರೆ. "ಓ, ಇದೆಲ್ಲ ಮಾಡ್ತಿದ್ದಿದ್ದು ನೀವಾ?" ಎಂದು ಒಬ್ಬ ಹೆಂಗಸು ಕೇಳಿದಳಂತೆ. ಅದನ್ನು ದಿನಕ್ಕೆ ಎರಡು ಸಲ ನನಗೆ ಹೇಳುತ್ತಾರೆ. ಹೇಳಿದ್ದು ಮರೆತು ಹೇಳುತ್ತಾರೋ, ಸಂತೋಷಕ್ಕೆ ಹೇಳುತ್ತಾರೋ, ನಾನು ವಿಚಾರಿಸಲು ಹೋಗುವುದಿಲ್ಲ.

ಹೋದ ವಾರ ಮೂರನೇ ಪರೀಕ್ಷೆ ಆಯಿತು. ಡಿ ಇರಬೇಕಾದಲ್ಲಿಗೆ ಬಂದಿದೆ. ಮೂರು ಪದ ಕೇಳಿದಾಗ ಅಪ್ಪ ಕಣ್ಣು ಮುಚ್ಚಿಕೊಂಡು, "ಕೊಡೆ" ಅಂದರು. "ಕುರ್ಚಿ" ಅಂದರು. ಮೂರನೆಯದಕ್ಕೆ ಬಹಳ ಒದ್ದಾಡಿ, "ಬನ್ನು" ಅಂದರು. ಡಾಕ್ಟರಮ್ಮ, "ಅದನ್ನ ನಾನು ಕೊಟ್ಟಿರಲಿಲ್ಲ" ಅಂದಳು. "ಅಲ್ಲ, ಅದು ನನ್ನ ಕಡೆಯಿಂದ" ಅಂದರು ಇವರು.

ಡಾಕ್ಟರಮ್ಮ ಖುಷಿಪಟ್ಟಳು, ಆದರೆ ಹುಷಾರಾಗಿ. ಕಾಯಿಲೆ ಹೋಗಿಲ್ಲ, ಇಳಿಜಾರು ಸ್ವಲ್ಪ ಸಪಾಟಾಗಿದೆ, ಎಷ್ಟು ದಿನ ಹೀಗೇ ಇರುತ್ತದೋ ನೋಡಬೇಕು ಅಂದಳು. ಯಾವುದರಿಂದ ಹೀಗಾಯಿತು ಎಂದು ಕೇಳಿದೆ. ಅವಳಿಗೆ ರಾತ್ರಿಯ ನಿದ್ದೆಯ ಮೇಲೆ, ಆ ಗುಳಿಗೆ ಬಿಡಿಸಿದ್ದರ ಮೇಲೆ ನಂಬಿಕೆ ಜಾಸ್ತಿ. ಮಾತ್ರೆಯದೂ ಒಂದು ಪಾಲು ಇದ್ದರೂ ಇರಬಹುದು ಅಂತಾಳೆ. ನಾನು ದೇವರು ಅಂತೀನಿ. ನಿನ್ನ ಮಾವ ಬೆಣ್ಣೆ ಅಂತಾನೆ. ಅಪ್ಪ ಬೆಂಚು ಅಂತಾರೆ. ಯಾರದಾದರೂ ಆಗಲಿ, ಎಲ್ಲರಿಗೂ ನನ್ನ ನಮಸ್ಕಾರ.

ಇಲ್ಲಿಂದ ಮುಂದೆ ಬರೆಯಲು ಕೈ ಹಿಂದೆ ಮುಂದೆ ನೋಡುತ್ತಿದೆ.

ದಿನಾ ದೇವರ ಮುಂದೆ ಕೂತು, ಅವರ ನೆನಪು ವಾಪಸು ಕೊಡಪ್ಪ ಎಂದು ಬೇಡುತ್ತೇನೆ. ಮೊನ್ನೆ ಆಸ್ಪತ್ರೆಯಿಂದ ಬಂದು ಹಾಗೇ ಕೂತಾಗ ಒಮ್ಮೆಗೇ ಇನ್ನೊಂದು ಹೊಳೆಯಿತು. ನೆನಪು ಬಂದರೆ ಆ ದಿನವೂ ಬರುತ್ತದಲ್ಲ. ಉಪ್ಪಿನ ದಿನ. ಆ ಕೋಪ, ಆ ಮಾತು, ಎಲ್ಲ ಬರುತ್ತದಲ್ಲ. ಈಗಲಾದರೆ ಬೆಳಿಗ್ಗೆ ಎದ್ದು ಪ್ರೀತಿಯಿಂದ ಬಾಗಿಲು ತಟ್ಟುತ್ತಾರೆ. ನಾಳೆ ನೆನಪಾಗಿ ಆ ಬಾಗಿಲ ಕಡೆ ತಿರುಗಿಯೂ ನೋಡದಿದ್ದರೆ? ಅದಕ್ಕೆ, ದೇವರೇ, ಆ ಒಂದು ದಿನ ನಿನ್ನ ಹತ್ತಿರವೇ ಇಟ್ಟುಕೋ, ಮಿಕ್ಕಿದ್ದೆಲ್ಲ ಕೊಡು ಎಂದು ಕೇಳಿದೆ. ಹಾಗೆ ಆರಿಸಿಕೊಳ್ಳುವುದಕ್ಕೆ ಅದೇನು ಸಂತೆಯ ತರಕಾರಿಯಲ್ಲ, ನನಗೂ ಗೊತ್ತು. ಆದರೂ ಕೇಳಿದೆ.

ಈ ಕಾಗದ ಶುರು ಮಾಡಿದ್ದೂ ಅದಕ್ಕೇ. ಬಂದುಬಿಡು ಬನ್ನಮ್ಮ. ಅವರಿಗೆ ಆ ದಿನ ನೆನಪಿಲ್ಲದ ಈ ಹೊತ್ತಿನಲ್ಲೇ ಬಾ. ಏನೂ ಆಗಿಲ್ಲವೇನೋ ಎನ್ನುವ ಹಾಗೆ ಬೆಳಿಗ್ಗೆ ನಿನ್ನ ಕೋಣೆಯಲ್ಲಿ ಮಲಗಿರು, ಅವರು ಬಾಗಿಲು ತಟ್ಟಿದಾಗ ಎದ್ದು ಬಾ. ಅಷ್ಟು ಸಾಕು.

ನೀನು ಏನು ಹೇಳುತ್ತೀಯ ಅಂತಲೂ ಗೊತ್ತು. ನೀನು ಕೆಲಸ ಮಾಡುವಲ್ಲಿಗೆ ಬ್ರೆಡ್ಡು ಇಳಿಸಲು ವ್ಯಾನ್ ತಂದಾಗ ನಿನ್ನ ಮಾವನ ಹತ್ತಿರ ಹೇಳಿದೆಯಂತಲ್ಲ, "ಅಪ್ಪ ಮರೆತರೆ ಆಯ್ತಾ ಮಾವ? ನಾನೂ ಮರೀಬೇಕಲ್ಲ. ಆ ಮಾತು ತಪ್ಪು ಅಂತ ಅವರು ಹೇಳದೆ ನಂಗೆ ಆ ಮನೆ ಮೆಟ್ಟಿಲು ಹತ್ತೋಕಾಗಲ್ಲ" ಅಂತ. ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಮಾಡಿದ್ದೇ ನೆನಪಿಲ್ಲದವರು ತಪ್ಪಾಯಿತು ಎಂದು ಹೇಗೆ ಹೇಳುತ್ತಾರೆ ಮಗಳೇ? ಅದನ್ನು ಕಾಯುತ್ತಾ ಕೂತರೆ ಇರುವ ಒಳ್ಳೆಯ ದಿನಗಳೂ ಹೋಗಿಬಿಡುತ್ತವೆ ಅಂತ ನನ್ನ ಹೆದರಿಕೆ. ನನ್ನದು ತಾಯಿಯ ಲೆಕ್ಕ, ನೀನು ನಿನ್ನ ಲೆಕ್ಕ ನೋಡು.

ಇನ್ನೊಂದು. ನೀನು ಕೆಲಸ ಮಾಡುವ ಹೋಟೆಲಿನ ಕೇಕ್ ಮನೆ ನೆಲಮಾಳಿಗೆಯಲ್ಲಿದೆ, ಕಿಟಕಿಯೇ ಇಲ್ಲ, ಮಧ್ಯಾಹ್ನ ಹೋದರೆ ಬರುವುದು ನಡುರಾತ್ರಿ ದಾಟಿ ಎಂದು ಮಾವ ಹೇಳಿದ. ನಿಮ್ಮಪ್ಪನ ಮಗಳೇ ನೀನು. ಒಂದು ಸಲ ರಕ್ತ ಕೊಟ್ಟು ನೋಡಿಸು. ಡಾಕ್ಟರು ಹೇಳದೆ ಮಾತ್ರೆ ನುಂಗಬೇಡ, ಅದು ಜಾಸ್ತಿಯಾದರೂ ಕೆಡುಕಂತೆ. ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ಹೊರಗೆ ನಿಲ್ಲು. ಗಾಜಿನ ಹಿಂದೆ ಅಲ್ಲ.

ದೇವರು ನಿನ್ನ ಕೈಗೆ ಬಲ, ಕಣ್ಣಿಗೆ ಬೆಳಕು, ಹೊತ್ತು ಹೊತ್ತಿಗೆ ಹಸಿವು ಕೊಡಲಿ. ಬೇರೆ ಏನು ಬೇಕು ಎಂದು ನಿನಗೇ ಗೊತ್ತು, ಅದನ್ನೂ ಕೊಡಲಿ.

ಇತಿ,
ನಿನ್ನ ಅಮ್ಮ

ತಾ.ಕ. — ಶನಿವಾರ, ಬೆಳಿಗ್ಗೆ

ಸಹಿ ಹಾಕಿ ಮಡಿಸಿಟ್ಟಿದ್ದೆ. ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಅವಸರದ ಅಕ್ಷರ, ನಿಧಾನವಾಗಿ ಓದು.

ಇವತ್ತು ಅಪ್ಪ ಬೆಂಚಿನಿಂದ ಎದ್ದು ಒಳಗೆ ಬಂದರು. ನಿನ್ನ ಮಾವ ಎರಡನೇ ಸಲದ ಹಿಟ್ಟು ನಾದುತ್ತಿದ್ದ. ಇವರು ಹಳೆಯ ಅಭ್ಯಾಸದಂತೆ ಒಂದು ಚಿಟಿಕೆ ಹಿಟ್ಟು ಕಿತ್ತು ನಾಲಿಗೆಯ ಮೇಲಿಟ್ಟುಕೊಂಡು, "ಉಪ್ಪು ಸರಿಯಾಗಿದೆ" ಅಂದರು. ಹಾಗೇ ನಿಂತರು. ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿರುವ ನಿನ್ನ ಏಪ್ರನ್ ಕಡೆ ನೋಡಿದರು.

"ಅವತ್ತು ಸರಿ ಇರಲಿಲ್ಲ, ಅಲ್ವೇನೇ? ಎರಡು ಸಲ ಬಿದ್ದಿತ್ತು."

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು.

"ಬನ್ನಮ್ಮ ಹೇಳಿದಳು. ನಾನು ಅವಳಿಗೆ ಕಣ್ಣಿಗೆ ಬೀಳಬೇಡ ಅಂದೆ." ಆಮೇಲೆ ಅವರು ಅಂದದ್ದೆಲ್ಲವನ್ನೂ ಒಂದೊಂದಾಗಿ ಹೇಳಿದರು. ಒಂದಕ್ಷರವೂ ಬಿಡಲಿಲ್ಲ. ನಾನು ದೇವರ ಹತ್ತಿರವೇ ಇರಲಿ ಎಂದು ಬೇಡಿಕೊಂಡಿದ್ದನ್ನು ದೇವರು ಇಡಿಯಾಗಿ ವಾಪಸು ಕೊಟ್ಟಿದ್ದ. ಈಗ ಕೋಪ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

ಬರಲಿಲ್ಲ ಮಗಳೇ. ಹಿಟ್ಟಿನ ಮೂಟೆಯ ಮೇಲೆ ಕೂತುಕೊಂಡರು. "ಅವಳು ಹೇಳೋದಕ್ಕೆ ಮುಂಚೇನೇ ನಂಗೆ ಗೊತ್ತಿತ್ತು ಕಣೇ. ಎಷ್ಟೋ ದಿನದಿಂದ ಗೊತ್ತಿತ್ತು. ಉಪ್ಪು ಹಾಕಿದ್ನೋ ಇಲ್ವೋ ಅಂತ ನಿಂತ್ಕೊಂಡು ನಡುಗ್ತಿದ್ದೆ. ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ. ಅವಳಿಗೆ ಕಾಣಿಸ್ತು. ಅದಕ್ಕೇ ಅವಳನ್ನ ಕಳಿಸಿಬಿಟ್ಟೆ" ಅಂದರು. ಇಷ್ಟು ವರ್ಷ ಜೊತೆಗಿದ್ದೂ ಅವರು ಭಟ್ಟಿಯ ಮುಂದೆ ಒಬ್ಬರೇ ನಡುಗುತ್ತಿದ್ದದ್ದು ನನಗೆ ತಿಳಿಯಲಿಲ್ಲವಲ್ಲ.

ಆಮೇಲೆ ತಟ್ಟನೆ ಎದ್ದು ನನ್ನ ಕೈ ಹಿಡಿದು, "ಬರಿ. ಈಗಲೇ ಬರಿ. ನಾಳೆ ಇದು ನನ್ನ ಹತ್ರ ಇರುತ್ತೋ ಇಲ್ವೋ. ಅವಳು ಹೇಳಿದ್ದು ನಿಜ, ನಾನಂದಿದ್ದು ತಪ್ಪು ಅಂತ ಬರಿ. ನಾನು ಮರೆತ ಮೇಲೂ ಅದು ತಪ್ಪೇ ಅಂತ ಬರಿ" ಅಂದರು. ಬರೆದಿದ್ದೇನೆ. ಇದು ನನ್ನ ಸಮಾಧಾನದ ಮಾತಲ್ಲ, ಅವರ ಬಾಯಿಂದ ಬಂದದ್ದು, ನಿನ್ನ ಮಾವನೇ ಸಾಕ್ಷಿ. ನಿನ್ನೆ ನಾನು ಬರೆದ, ಏನೂ ಆಗಿಲ್ಲವೇನೋ ಎನ್ನುವ ಹಾಗೆ ಬಾ ಎಂಬುದನ್ನು ಹೊಡೆದುಹಾಕು. ಆಗಿದ್ದು ಆಗಿದೆ. ಅದನ್ನು ಇಟ್ಟುಕೊಂಡೇ ಬಾ.

ಈ ಕಾಗದ ಸೋಮವಾ​ರ ಮಾವನ ವ್ಯಾನಿನಲ್ಲಿ ಬರುತ್ತದೆ. ಅಪ್ಪ ಅವತ್ತೇ ಹೊರಡುತ್ತೇನೆ ಎಂದು ಹಟ ಹಿಡಿದಿದ್ದರು. ಅವಳು ಮೊದಲು ಓದಲಿ, ಒಂದು ವಾರ ಬಿಡಿ ಅಂದೆ. "ಒಂದು ವಾರದಲ್ಲಿ ನಾನು ಮರೆತುಬಿಟ್ಟರೆ?" ಅಂದರು. ನಾನಿದ್ದೇನಲ್ಲ ಅಂದೆ.

ಅದರ ಮುಂದಿನ ಸೋಮವಾರ ಉತ್ತರ ತರಲು ಅವರೇ ಬರುತ್ತಾರೆ. ಮಧ್ಯಾಹ್ನ ಮಾವ ಬ್ರೆಡ್ಡು ಇಳಿಸುವ ಹೊತ್ತಿಗೆ ನಿಮ್ಮ ಹೋಟೆಲಿನ ಹಿಂಬಾಗಿಲ ಹತ್ತಿರ ನಿಂತಿರುತ್ತಾರೆ. ಯಾಕೆ ಬಂದೆ ಎಂಬುದು ಅಲ್ಲಿ ಅವರಿಗೆ ನೆನಪಿರದಿದ್ದರೆ ನೀನು ನೆನಪಿಸು. ನಿನಗೆ ಹೊರಗೆ ಬರಲು ಮನಸ್ಸಾಗದಿದ್ದರೆ ಜೊತೆಯವರು ಯಾರಿಗಾದರೂ ಹೇಳಿ, ಎರಡು ಸಾಲಿನ ಉತ್ತರವನ್ನಾದರೂ ತಂದು ಅವರ ಕೈಗೆ ಕೊಡಿಸು. ಬಿಸಿಲಲ್ಲಿ ನಿಲ್ಲುವುದು ಅವರಿಗೆ ಒಳ್ಳೆಯದೇ, ಡಾಕ್ಟರಮ್ಮನೂ ಹೇಳಿದ್ದಾಳೆ. ಆದರೂ ಬಹಳ ಹೊತ್ತು ನಿಲ್ಲಿಸಬೇಡ.